ಬುಖಾರಾದಲ್ಲಿ ಹೊಲಿದುಬಿಟ್ಟ ಬಟ್ಟೆ

ಮೂರು ದೇಶ ಸುತ್ತಿ ಬಂದವನೆಂದು ಚಿತ್ರದುರ್ಗದಲ್ಲಿ ಈಗಲೂ ಕೆಲವರು ನನ್ನನ್ನು ಗುರುತಿಸುತ್ತಾರೆ. ನಮ್ಮ ಬೀದಿಯವರ ಲೆಕ್ಕದಲ್ಲಿ ನಾನು ಹೋಗಿದ್ದು ನಾಲ್ಕು ದೇಶ. ಆ ನಾಲ್ಕನೆಯ ದೇಶಕ್ಕೆ ನಾನು ಹೋಗಲೇ ಇಲ್ಲ. ಹೋಗಿ ಬಂದೆನೆಂದು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಸರಿಹೋಗುತ್ತದೆ ಎಂಬ ನಂಬಿಕೆಯಿಲ್ಲ. ಯಾರ ಹತ್ತಿರ ಸರಿಮಾಡಿಕೊಳ್ಳಬೇಕಿತ್ತೋ ಅವಳು ಈಗ ಮಣ್ಣಿನಲ್ಲಿದ್ದಾಳೆ.

ನಾವು ಪಿಂಜಾರರು, ಹತ್ತಿ ಹಿಂಜುವ ಜನ. ಮನೆಯಲ್ಲಿ ಆಡುವುದು ಕನ್ನಡವೇ. ನಮಾಜು ಮಸೀದಿಯಲ್ಲಿ, ಮಿಕ್ಕ ಬದುಕೆಲ್ಲ ಅಕ್ಕಪಕ್ಕದವರ ಹಾಗೆಯೇ. ಹತ್ತನೇ ತರಗತಿ ಪಾಸಾದ ವರ್ಷ ಅಪ್ಪನ ಬಿಲ್ಲು ನನ್ನ ಹೆಗಲಿಗೆ ಬಂತು. ಆಳುದ್ದದ ಮರದ ಬಿಲ್ಲು, ಅದಕ್ಕೆ ಕುರಿಯ ಕರುಳನ್ನು ಹೊಸೆದು ಮಾಡಿದ ಹುರಿ. ಹುರಿಯನ್ನು ಹತ್ತಿಯೊಳಗೆ ಇಳಿಸಿ ಮರದ ಗುಂಡಿನಿಂದ ಮೀಟಿದರೆ, ವರ್ಷಗಟ್ಟಲೆ ಜನ ಮಲಗಿ ಗಟ್ಟಿಯಾದ ಹತ್ತಿ ಸಿಡಿದು ಹಾಲಿನ ನೊರೆಯಂತೆ ಏಳುತ್ತದೆ. ಅದನ್ನು ಹೊತ್ತುಕೊಂಡು ಹಿರಿಯೂರು, ಬಬ್ಬೂರು, ಆಮೇಲೆ ಹೊಸದುರ್ಗ, ಬಾಗೂರು, ಹೊಳಲ್ಕೆರೆ ಎಂದು ನಡೆಯುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಭರಮಸಾಗರದ ಕಡೆ. ಊರೊಳಗೆ ಹೊಕ್ಕು ಹುರಿಯನ್ನು ಒಮ್ಮೆ ಮೀಟಿದರೆ ಸಾಕು, ಹೆಂಗಸರು ಹಳೆಯ ಹಾಸಿಗೆ, ದಿಂಬುಗಳನ್ನು ಜಗುಲಿಗೆ ತಂದು ಹಾಕುತ್ತಿದ್ದರು. ಕೂಗುವ ಅಗತ್ಯವಿರಲಿಲ್ಲ. ಯಂತ್ರ ಬಂದ ಮೇಲೆ ಆ ತಿರುಗಾಟ ನಿಂತಿತು. ನಾನೂ ಒಂದು ಯಂತ್ರ ಹಾಕಿ ಗಾದಿ ಅಂಗಡಿ ಇಟ್ಟೆ. ಈಗ ಅದನ್ನು ಮಗ ನೋಡಿಕೊಳ್ಳುತ್ತಾನೆ. ಬಿಲ್ಲನ್ನು ಮಾತ್ರ ಅಂಗಡಿಯ ಗೋಡೆಗೆ ನೇತುಹಾಕಿದ್ದೆ.

ಅಕ್ಕ ನನಗಿಂತ ದೊಡ್ಡವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಹಿಂಜಿದ ಹತ್ತಿಗೆ ಗೌಸಣಿಗೆ ಹೊಲಿಯುವುದು ಅವಳ ಕೆಲಸ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೂ ಅವಳದೇ. ಅವಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಒಂದೇ ಒಂದಿತ್ತು. ಸತ್ತಾಗ ಹೊದಿಸುವ ಬಿಳಿ ಬಟ್ಟೆಗೆ ನಮ್ಮಲ್ಲಿ ಕಫನ್ ಎನ್ನುತ್ತೇವೆ. ಅದಕ್ಕೆ ಹೊಲಿಗೆ ಹಾಕುವಂತಿಲ್ಲ, ಹಾಗೇ ಸುತ್ತಬೇಕು. ಮೆಕ್ಕಾಕ್ಕೆ ಹೋಗಲಾಗದವರು ಆ ಬಟ್ಟೆಯನ್ನಾದರೂ ಹೋಗುವವರ ಕೈಯಲ್ಲಿ ಕಳಿಸುತ್ತಾರೆ. ಅಲ್ಲಿನ ಝಮ್‌ಝಮ್ ಬಾವಿಯ ನೀರಿನಲ್ಲಿ ಅದ್ದಿ, ಒಣಗಿಸಿ, ಮಡಿಸಿ ತಂದುಕೊಟ್ಟರೆ ಸಾಯುವವರೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅಕ್ಕನ ಬಟ್ಟೆ ಬಹಳ ವರ್ಷಗಳಿಂದ ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಒಯ್ಯುವವರು ಸಿಕ್ಕಿರಲಿಲ್ಲ. ಹಜ್‌ಗೆ ಹೋಗುವವರು ತಮ್ಮ ನೆಂಟರ ಬಟ್ಟೆಗಳನ್ನೇ ಹೊರಲಾರದೆ ಹೊರುತ್ತಿದ್ದರು.

ಹೀಗಿರುವಾಗ ಒಂದು ದಿನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಹಳೆಯ ಕಾಲದ ವ್ಯಾಪಾರ ಮಾರ್ಗಗಳ ಮೇಲೆ ಕಲಾವಿದರನ್ನೂ ಕಸುಬುದಾರರನ್ನೂ ಕರೆದುಕೊಂಡು ಹೋಗುವ ಒಂದು ಸಾಂಸ್ಕೃತಿಕ ಯಾತ್ರೆಯನ್ನು ಅವರ ಸಂಸ್ಥೆ ಏರ್ಪಡಿಸಿತ್ತು. ಹತ್ತಿ, ರೇಷ್ಮೆ, ಕುದುರೆ, ಧೂಪ ಹೋಗಿ ಬರುತ್ತಿದ್ದ ದಾರಿಗಳಂತೆ. ಉಜ್ಬೇಕಿಸ್ತಾನ, ಇರಾನ್, ಒಮಾನ್, ಕೊನೆಗೆ ಸೌದಿಯ ಜಿದ್ದಾ ಬಂದರು. ಗೋಡೆಯ ಮೇಲಿನ ಬಿಲ್ಲು ನೋಡಿ ಆ ಮೇಡಂ, “ಇದನ್ನು ಬಾರಿಸಲು ಬರುತ್ತದೆಯೇ?” ಎಂದು ಕೇಳಿದರು. ಅದು ಬಾರಿಸುವುದಲ್ಲ ಎಂದು ಹೇಳಿ, ಇಳಿಸಿ, ಒಂದು ಹಿಡಿ ಹತ್ತಿ ಹಿಂಜಿ ತೋರಿಸಿದೆ. ಅಲ್ಲೇ ನನ್ನ ಹೆಸರು ಬರೆದುಕೊಂಡರು. ಜಿದ್ದಾದಿಂದ ಇಷ್ಟವಿರುವ ಮುಸಲ್ಮಾನರು ಮೆಕ್ಕಾಕ್ಕೆ ಹೋಗಿ, ಹಜ್‌ಗಿಂತ ಚಿಕ್ಕದಾದ ಉಮ್ರಾ ಯಾತ್ರೆ ಮಾಡಿಕೊಂಡು ಬರಬಹುದು ಎಂದೂ ಹೇಳಿದರು.

ಮನೆಗೆ ಬಂದು ಹೇಳಿದಾಗ ಅಕ್ಕ ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡಳು.

“ನನ್ ಬಟ್ಟೆ ತಗಂಡೋಗ್ತೀಯಾ?”

“ನಿಂದ್ ತಗಂಡೋಗ್ದೆ ಇನ್ಯಾರ್ದು ತಗಂಡೋಗ್ಲಿ?”

“ನೀನು ಮರೆಗುಳಿ. ಹೊಸದುರ್ಗದ ಬಸ್ಸಾಗೆ ಬಿಲ್ಲು ಬಿಟ್ಟು ಬಂದೋನು.”

“ಅದು ಯಾವ ಕಾಲದ್ದು ಕಣಕ್ಕ.”

“ಕಾಲ ಯಾವುದಾದ್ರೇನು, ಮನುಷ್ಯ ನೀನೇ ಅಲ್ವಾ.”

ಹೊರಡುವ ಮೊದಲು ಊರಲ್ಲಿ ನನ್ನ ಮಾತು ಜೋರಾಗಿತ್ತು. ನಮ್ಮ ಹಿರಿಯರು ಪರದೇಶದಿಂದ ಕುದುರೆ ವ್ಯಾಪಾರಿಗಳ ಜೊತೆ ಬಿಲ್ಲು ಹಿಡಿದು ಬಂದವರು, ನಾನೀಗ ಅವರ ದಾರಿಯಲ್ಲೇ ವಾಪಸ್ಸು ಹೋಗುತ್ತಿದ್ದೇನೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದೆ. ಅಕ್ಕನ ಕಿವಿಗೆ ಬಿತ್ತು. “ಯಾವ ಕುದುರೆನಪ್ಪ? ಬಾಗೂರು ಹತ್ತಿ ಹೊಲದಾಗೆ ಹುಟ್ಟಿದ ಜನ ನಾವು. ಕನ್ನಡಿ ನೋಡ್ಕಂಡಿದೀಯಾ?” ಎಂದಳು. ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು, ಒಂದು ಹಳೆಯ ಸೆರಗಿನ ತುಂಡಿನಲ್ಲಿ ಸುತ್ತಿ, ನನ್ನ ಚೀಲದ ತಳದಲ್ಲಿ ತಾನೇ ಇಟ್ಟಳು. ಕತ್ತರಿ ಕಾಣದ ಇಡೀ ಥಾನು. ಅದರ ಮಡಿಕೆಗಳಲ್ಲಿ ಕರ್ಪೂರದ ವಾಸನೆ ಇತ್ತು.

ಯಾತ್ರೆಯನ್ನು ನಾನು ಸುಳ್ಳು ಎನ್ನುವುದಿಲ್ಲ. ಅಲ್ಲಿ ಕಂಡದ್ದು ನಿಜವೇ. ತಂಡದಲ್ಲಿ ಹಾಡುವವರಿದ್ದರು, ಮಡಕೆ ಮಾಡುವವರಿದ್ದರು. ನನ್ನ ಕೋಣೆಗೆ ಜೊತೆಯಾದವನು ಬಾಗೂರಿನ ಕಡೆಯ ಡೊಳ್ಳಿನವನು, ನನ್ನಷ್ಟೇ ವಯಸ್ಸಾದವನು. ಸಮರಕಂದದ ನೀಲಿ ಗುಮ್ಮಟಗಳ ಕೆಳಗೆ ನಿಂತು ಅವನು, “ಇಷ್ಟೆಲ್ಲ ಕಟ್ಟಿದೋರು ಒಂದ್ ಲೋಟ ಮಜ್ಜಿಗೆ ಇಡಬಾರ್ದಾ?” ಎಂದು ಕೇಳಿದ್ದು ನೆನಪಿದೆ. ಆ ಬಿಸಿಲು ನಮ್ಮ ಹಿರಿಯೂರಿನ ಬಿಸಿಲಿನಂತೆಯೇ ಒಣ ಬಿಸಿಲು. ದಾರಿಯುದ್ದಕ್ಕೂ ಹತ್ತಿ ಹೊಲಗಳು. ಬಸ್ಸಿನ ಕಿಟಕಿಯಿಂದ ನೋಡುತ್ತಾ ನನಗೆ ದೂರ ಬಂದಿದ್ದೇನೆ ಎಂದೇ ಅನ್ನಿಸುತ್ತಿರಲಿಲ್ಲ.

ಬುಖಾರಾದಲ್ಲಿ ನಮ್ಮ ಕಾರ್ಯಕ್ರಮ ಇದ್ದದ್ದು ಒಂದು ಹಳೆಯ ಸರಾಯಿಯ, ಅಂದರೆ ವ್ಯಾಪಾರಿಗಳು ತಂಗುತ್ತಿದ್ದ ಛತ್ರದ, ಅಂಗಳದಲ್ಲಿ. ಒಂಟೆಗಳನ್ನು ಕಟ್ಟುತ್ತಿದ್ದ ಜಾಗ. ಸುತ್ತ ಇಟ್ಟಿಗೆಯ ಕಮಾನುಗಳು, ನಡುವೆ ಒಂದು ಹಿಪ್ಪುನೇರಳೆ ಮರ. ನಾನು ಹತ್ತಿ ಹಿಂಜಿ, ಅಲ್ಲೇ ಒಂದು ಸಣ್ಣ ರಜಾಯಿ ತುಂಬಿ ಹೊಲಿದು, ಕಾರ್ಯಕ್ರಮ ಮುಗಿಯುವಾಗ ಆ ಊರಿನ ದೊಡ್ಡವರಿಗೆ ಹೊದಿಸಬೇಕು ಎಂದು ಗೊತ್ತಾಗಿತ್ತು. ಹತ್ತಿ ಅಲ್ಲಿಯದೇ. ಹೊದಿಕೆಯ ಬಟ್ಟೆ ಸಂಸ್ಥೆಯವರು ಊರಿನಿಂದ ತಂದಿದ್ದರು.

ನಾನು ಹುರಿ ಬಿಗಿಯುತ್ತಿದ್ದಾಗ ಜನರ ನಡುವಿನಿಂದ ಒಬ್ಬ ಮುದುಕ ಎದ್ದು ಬಂದ. ತಲೆಗೆ ಚೌಕದ ಟೋಪಿ, ಬಾಯಲ್ಲಿ ಚಿನ್ನದ ಹಲ್ಲು. ಕೈಯಲ್ಲಿ ನನ್ನದರಂಥದೇ ಬಿಲ್ಲು. ಅವನೂ ಹತ್ತಿ ಹಿಂಜುವವನೇ. ನನ್ನ ಹುರಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಏನೋ ಹೇಳಿ ನಕ್ಕ. ದುಭಾಷಿ ಹುಡುಗಿ, ಇನ್ನಷ್ಟು ಬಿಗಿಯಬೇಕಂತೆ ಎಂದಳು. ಇಬ್ಬರೂ ಎದುರುಬದುರು ಕುಳಿತು ಹಿಂಜತೊಡಗಿದೆವು. ಅವನ ಬಿಲ್ಲಿನ ದನಿ ತುಸು ದಪ್ಪ, ನನ್ನದು ಸಣ್ಣ. ಸ್ವಲ್ಪ ಹೊತ್ತಿಗೆ ಎರಡೂ ಒಂದರ ಹಿಂದೆ ಒಂದು ಬೀಳತೊಡಗಿದವು. ಡೊಳ್ಳಿನವನಿಗೆ ತಡೆಯಲಾಗದೆ ಅವನೂ ಕೈ ಸೇರಿಸಿದ. ಜನ ಎದ್ದು ನಿಂತರು. ನನ್ನ ಗಡ್ಡದಲ್ಲಿ, ಹುಬ್ಬಿನಲ್ಲಿ ಹತ್ತಿ ಹಾರಿ ಕೂತಿತ್ತು. ಅಷ್ಟು ವರ್ಷ ಬೀದಿಬೀದಿ ತಿರುಗಿದವನಿಗೆ ಅಂಥ ಚಪ್ಪಾಳೆ ಯಾರೂ ತಟ್ಟಿರಲಿಲ್ಲ.

ಹೊಲಿಯಲು ಬಟ್ಟೆ ಕೇಳಿದಾಗ, ಬಟ್ಟೆಯಿದ್ದ ಗಂಟು ತಾಷ್ಕೆಂಟಿನ ಹೋಟೆಲ್ಲಿನಲ್ಲೇ ಉಳಿದಿದೆ ಎಂದು ತಿಳಿಯಿತು. ಮೇಡಂ ಮುಖ ಬಿಳಿಚಿಕೊಂಡಿತು. “ದೊಡ್ಡೋರೆಲ್ಲ ಕೂತುಬಿಟ್ಟಿದಾರೆ. ಏನ್ಮಾಡೋದು? ಬರೀ ಹತ್ತಿ ಕೊಡಕಾಗುತ್ತಾ?” ಎಂದರು. ಅಂಗಡಿಗೆ ಯಾರನ್ನಾದರೂ ಓಡಿಸೋಣ ಎಂದು ಯಾರೋ ಅಂದರು. ಅಷ್ಟು ಹೊತ್ತು ಕಾಯಬಹುದಿತ್ತು. ಜನ ಹೋಗಿಬಿಟ್ಟರೆ ಎಂದು ನನಗೇ ತಡೆಯಲಿಲ್ಲ. “ನನ್ನ ಹತ್ರ ಐತೆ” ಎಂದೆ.

ಚೀಲದ ತಳದಿಂದ ಅಕ್ಕನ ಬಟ್ಟೆ ತೆಗೆದೆ. ಕತ್ತರಿ ಹಾಕುವಾಗ ಕೈ ಒಂದು ಗಳಿಗೆ ನಿಂತಿತು ಎಂದು ಬರೆದುಕೊಂಡರೆ ನನಗೂ ಸಮಾಧಾನವಾಗುತ್ತಿತ್ತು. ನಿಲ್ಲಲಿಲ್ಲ. ಬಟ್ಟೆ ಬಟ್ಟೆಯೇ, ಮಸ್ಕತ್ತಿನಲ್ಲಿ ಇದಕ್ಕಿಂತ ಒಳ್ಳೆಯದನ್ನು ಕೊಂಡು ಅದ್ದಿಸಿದರಾಯಿತು, ನೀರಿಗೇನು ಇದು ಯಾರ ಬಟ್ಟೆ ಎಂದು ಗೊತ್ತಾಗುತ್ತದೆಯೇ ಎಂದುಕೊಂಡೆ. ಆ ಮುದುಕನೂ ಒಂದು ತುದಿ ಹಿಡಿದು ಹೊಲಿದ. ಕರ್ಪೂರದ ವಾಸನೆ ಬಂದು, ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿ ತಲೆಯಾಡಿಸಿದ. ಅವನಿಗೆ ಅದು ಏನೆಂದು ತಿಳಿಯಿತೋ ಏನೋ, ಗೊತ್ತಿಲ್ಲ. ರಜಾಯಿಯನ್ನು ಒಬ್ಬ ಅಧಿಕಾರಿಯ ಹೆಗಲಿಗೆ ಹೊದಿಸಿದೆವು. ಅವನು ಅದನ್ನು ಮಡಿಸಿ ಸಹಾಯಕನ ಕೈಗೆ ಕೊಟ್ಟ. ನನಗೆ ಬಣ್ಣದ ಗೆರೆಯ ಒಂದು ನಿಲುವಂಗಿ ತೊಡಿಸಿದರು. ಆ ಫೋಟೊ ನಮ್ಮ ಊರಿನ ಪತ್ರಿಕೆಯಲ್ಲೂ ಬಂತು.

ಇರಾನಿನ ಊರುಗಳನ್ನು ದಾಟಿ ಮಸ್ಕತ್ತಿಗೆ ಬಂದೆವು. ಅಲ್ಲಿನ ಹಳೆಯ ಪೇಟೆಯಲ್ಲಿ ಬಿಳಿ ಬಟ್ಟೆ ಕೊಂಡೆ. ಒಳ್ಳೆಯ ಬಟ್ಟೆಯೇ. ಇನ್ನು ನಾಳೆಯೋ ನಾಡಿದ್ದೋ ಜಿದ್ದಾ ಎನ್ನುವಾಗ, ಕೊನೆಯ ಹಂತದ ವೀಸಾ ಬರಲಿಲ್ಲ, ಯಾತ್ರೆ ಇಲ್ಲಿಗೇ ಮುಗಿಯಿತು, ಎಲ್ಲರೂ ಬೆಂಗಳೂರಿಗೆ ವಾಪಸ್ಸು ಎಂದು ಮೇಡಂ ಹೇಳಿದರು. ಡೊಳ್ಳಿನವನಿಗೆ ಖುಷಿ. ಅವನಿಗೆ ಮುದ್ದೆ ಬೇಕಾಗಿತ್ತು.

ಆ ಸಂಜೆ ಊರಿಗೆ ಫೋನು ಮಾಡಿದೆ. ನಿಜ ಹೇಳಬೇಕೆಂದೇ ಮಾಡಿದ್ದು. ಅಕ್ಕ ಎತ್ತಿದಳು. ಹಿಂದೆ ಹೆಂಗಸರ ಗದ್ದಲ.

“ಎಲ್ಲಿದೀಯಾ? ತಡಿ, ಎಲ್ಲಾರಿಗೂ ಕೇಳಂಗೆ ಮಾಡ್ತೀನಿ.”

“ಅಕ್ಕ, ಇಲ್ಲಿ ಏನಾತಂದ್ರೆ...”

“ಕೇಳ್ರೇ, ನನ್ ತಮ್ಮ ಮೆಕ್ಕಾ ಬಾಗಿಲಿಗೆ ಹೋಗೌನೆ. ಲೇ, ಬಟ್ಟೆ ಪೂರ್ತಿ ಮುಳುಗಿಸ್ಬೇಕು, ತಿಳೀತಾ? ಮೇಲ್ ಮೇಲೆ ಚಿಮುಕ್ಸಿ ತಂದ್ರೆ ಒಳಗೆ ಸೇರಿಸಲ್ಲ.”

ಹೆಂಗಸರು ನಕ್ಕರು. ನಾನು, “ಹೂಂ, ಮುಳುಗಿಸ್ತೀನಿ” ಎಂದೆ.

ಆ ಒಂದು “ಹೂಂ” ಆದ ಮೇಲೆ ನಡೆದದ್ದೆಲ್ಲ ಯೋಚಿಸಿ ಮಾಡಿದ್ದು. ಬೆಂಗಳೂರಿನಲ್ಲಿ ಇಳಿದ ಮೇಲೆ ಡೊಳ್ಳಿನವನು, “ಬಾ, ಹೋಗಾಣ. ಚಿತ್ರದುರ್ಗದವರ್ಗೂ ಜೊತೆ” ಎಂದು ಕರೆದ. ನೆಂಟರ ಮನೆಯಲ್ಲಿ ಕೆಲಸವಿದೆ ಎಂದೆ. ಮಾರುಕಟ್ಟೆಯ ಹತ್ತಿರದ ಒಂದು ಲಾಡ್ಜಿನಲ್ಲಿ, ಮೆಕ್ಕಾಕ್ಕೆ ಹೋಗಿಬರಲು ಬೇಕಾಗುವಷ್ಟು ದಿನ ಉಳಿದೆ. ಉಮ್ರಾ ಮಾಡಿದ ಗಂಡಸರು ತಲೆ ಬೋಳಿಸಿಕೊಳ್ಳುತ್ತಾರೆ. ಕೆಳಗಿನ ಕ್ಷೌರದಂಗಡಿಯಲ್ಲಿ ತಲೆ ಬೋಳಿಸಿಕೊಂಡೆ. “ತಿರುಪತಿನಾ ಸಾರ್?” ಎಂದು ಅವನು ಕೇಳಿದ.

ಹೊಸ ಬಟ್ಟೆಯ ಮಡಿಕೆ ಗಿರಣಿಯಲ್ಲಿ ಇಸ್ತ್ರಿ ಹಾಕಿದ ಮಡಿಕೆ. ನೀರು ಕಂಡು ಒಣಗಿದ ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಜೀವಮಾನವಿಡೀ ಬಟ್ಟೆ ಹೊಲಿದವಳು ಅಕ್ಕ, ಬಿಚ್ಚಿದ ಕೂಡಲೇ ಕಂಡುಹಿಡಿಯುತ್ತಾಳೆ. ಆದ್ದರಿಂದ ಲಾಡ್ಜಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಲ್ಲಿ ನೀರು ತುಂಬಿ ಬಟ್ಟೆಯನ್ನು ಪೂರ್ತಿ ಮುಳುಗಿಸಿದೆ. ಮಂಚದ ಕಂಬಿಯಿಂದ ಕಿಟಕಿಯವರೆಗೆ ಹಗ್ಗ ಕಟ್ಟಿ ಒಣಗಿಸಿದೆ. ಊರಿನಲ್ಲಿ ಯಾರ ಮನೆಯಲ್ಲಾದರೂ ಕೇಳಿದ್ದರೆ ಒಂದು ಲೋಟ ಝಮ್‌ಝಮ್ ಕೊಡುತ್ತಿದ್ದರು, ಬಕೆಟ್ಟಿಗೆ ಬೆರೆಸಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕುಡಿಯುವ ನೀರು ತರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಡಬ್ಬಿಯನ್ನು ವಿಮಾನದವರು ಬಿಡಲಿಲ್ಲ ಎಂದೆ. ಜನರ ಬಾಯಿಗೆ ಹಾಕುವ ನೀರಿನಲ್ಲಿ ಸುಳ್ಳು ಬೆರೆಸಲು ಧೈರ್ಯ ಬರಲಿಲ್ಲ. ಹೊದೆಯುವ ಬಟ್ಟೆಯಾದರೆ ಪರವಾಗಿಲ್ಲ ಎನ್ನಿಸಿತ್ತೇನೋ.

ಮನೆಗೆ ಬಂದ ದಿನ ಅಕ್ಕ ನನ್ನ ಬೋಳು ತಲೆ ಸವರಿ ಅತ್ತಳು. ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಳು. ಇದು ತನ್ನ ಬಟ್ಟೆಯಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ ಎಂದು ಹೆದರಿಕೊಂಡಿದ್ದೆ.

“ಒಂಚೂರು ನಯ ಆಗೈತೆ.”

“ಆ ನೀರಿಗೆ ಹಂಗಾಗ್ತೈತಂತೆ.”

“ಆಗ್ದೆ ಇರ್ತೈತಾ ಮತ್ತೆ” ಎಂದು ಅವಳೇ ನನ್ನನ್ನು ಒಪ್ಪಿಸಿದಳು.

ಆಮೇಲೆ ಬಹಳ ದಿನ ಅವಳ ಮುಂದೆ ಕಾಣದ ಊರಿನ ಕಥೆ ಹೇಳಿದೆ. ಟಿವಿಯಲ್ಲಿ ನೋಡಿದ್ದು, ಹಜ್‌ಗೆ ಹೋದವರಿಂದ ಕೇಳಿದ್ದು, ಮಿಕ್ಕದ್ದು ಬುಖಾರಾದಿಂದ ಎತ್ತಿ ತಂದದ್ದು. ಬುಖಾರಾದ ಪಾರಿವಾಳಗಳನ್ನು ಮೆಕ್ಕಾದಲ್ಲಿ ಬಿಟ್ಟೆ. ಆ ಚಿನ್ನದ ಹಲ್ಲಿನ ಮುದುಕನನ್ನು ಬಾವಿಯ ಹತ್ತಿರ ನಿಲ್ಲಿಸಿ, ಬಟ್ಟೆಯ ಇನ್ನೊಂದು ತುದಿಯನ್ನು ಅವನೇ ಹಿಡಿದುಕೊಂಡ ಎಂದೆ. ಅಕ್ಕನಿಗೆ ಆ ಮುದುಕ ಬಹಳ ಹಿಡಿಸಿದ. “ಅವ್ನ್ ಹೆಸರು ಕೇಳ್ಬೇಕಿತ್ತು ನೀನು, ಹೆಸರಿಡ್ದು ದುವಾ ಬೇಡ್ಕಬೋದಿತ್ತು” ಎಂದಳು.

ಇಷ್ಟಕ್ಕೇ ನಿಂತಿದ್ದರೆ ನನ್ನ ಪಾಪ ನನ್ನೊಬ್ಬನದೇ ಆಗಿರುತ್ತಿತ್ತು. ನಮ್ಮ ಎದುರು ಮನೆಯಲ್ಲಿ ಹೂ ಕಟ್ಟಿ ಮಾರುವ, ನಮ್ಮ ಜನದವಳೇ ಆದ ಒಬ್ಬ ತಾಯಿ ಇದ್ದಾಳೆ. ಗಂಡ ಇಲ್ಲ. ಒಬ್ಬಳೇ ಮಗಳು, ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಳು. ಹೊಸದುರ್ಗದ ಕಡೆ ಮದುವೆ ಗೊತ್ತಾಗಿತ್ತು. ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ದಾವಣಗೆರೆಯವರೆಗೂ ಒಯ್ದರು. ಉಳಿಯಲಿಲ್ಲ.

ಹುಡುಗಿಯ ಮೈಯತ್ತು ಮನೆಗೆ ಬಂದಾಗ ನಾವೆಲ್ಲ ಅವರ ಅಂಗಳದಲ್ಲಿದ್ದೆವು. ಆ ತಾಯಿ ಅಳುತ್ತಿರಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. “ನನ್ ಮಗ್ಳು ಏನೂ ಕಾಣ್ಲಿಲ್ಲ. ಏನೂ ಉಡ್ಲಿಲ್ಲ. ಬೇರೇರ್ಗೆ ಸೀರೆ ಮಡಿಸಿ ಕೊಟ್ಟಿದ್ದೇ ಆತು.” ಅಕ್ಕ ಎದ್ದು ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಆ ಬಟ್ಟೆಯಿತ್ತು.

ನಾನು ಬಾಗಿಲಲ್ಲಿ ಅಡ್ಡ ನಿಂತೆ. “ಅಕ್ಕ, ಅದು ನಿಂಗೆ ಅಂತ ತಂದಿದ್ದು.”

“ನಂಗೇನು, ಮುದುಕಿ. ಯಾವ್ದಾದ್ರೂ ಆಗ್ತೈತೆ. ದಾರಿ ಬಿಡು.”

“ಅದು ಬ್ಯಾಡ. ಅಂಗಡಿಯಿಂದ ಬ್ಯಾರೆ ತರ್ತೀನಿ.”

“ಅಂಗಡೀಲಿ ಝಮ್‌ಝಮ್ ಸಿಗ್ತೈತಾ? ಸರಿ ಆಕಡೆ.”

ಆಗ ಹೇಳಬಹುದಿತ್ತು. ಅವಳ ಕಿವಿಯಲ್ಲಿ ಎರಡು ಮಾತು ಸಾಕಿತ್ತು. ಸುತ್ತ ಗಂಡಸರು ನಿಂತಿದ್ದರು, ನನ್ನನ್ನು ಹಾಜಿ ಎನ್ನದಿದ್ದರೂ ಹಾಗೆಯೇ ಕಾಣುತ್ತಿದ್ದ ಗಂಡಸರು. ನಾನು ಸರಿದೆ. ಅಕ್ಕ ಬಟ್ಟೆಯನ್ನು ಆ ತಾಯಿಯ ಮಡಿಲಿಗೆ ಹಾಕಿ, ಅದು ಎಲ್ಲಿ ಮುಳುಗಿ ಬಂದದ್ದು, ತುದಿ ಯಾರು ಹಿಡಿದರು, ಎಲ್ಲವನ್ನೂ ಹೇಳಿದಳು. ಆ ತಾಯಿ ಬಟ್ಟೆ ಮುಟ್ಟಿದವಳೇ ಮೊದಲ ಬಾರಿಗೆ ಅತ್ತಳು. ಖಬರಸ್ತಾನದಿಂದ ವಾಪಸ್ಸು ಬಂದ ಮೇಲೂ, ಎಷ್ಟೋ ದಿನದ ಮೇಲೂ, ಬೀದಿಯಲ್ಲಿ ಯಾರು ಸಿಕ್ಕಿದರೂ ಅವಳದು ಅದೇ ಮಾತು. “ನನ್ ಮಗ್ಳು ಮೆಕ್ಕಾ ನೀರಾಗೆ ನೆಂದ ಬಟ್ಟೇಲಿ ಹೋದ್ಲು.”

ನನಗೆ ಅನ್ನ ಸೇರದಂತಾಯಿತು. ಊರಿನಲ್ಲಿ ಯಾರಿಗೂ ಹೇಳಲಾಗದೆ ಹಿರಿಯೂರಿಗೆ ಹೋಗಿ, ಅಲ್ಲಿನ ಮಸೀದಿಯಲ್ಲಿ ನಮಾಜು ಮಾಡಿಸುವ, ನನ್ನ ಗುರುತಿಲ್ಲದ ಒಬ್ಬ ಹಜರತ್ತರ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ವಯಸ್ಸಿನಲ್ಲಿ ಚಿಕ್ಕವರು. ಸಮಾಧಾನದಿಂದ ಕೇಳಿದರು. ಬಟ್ಟೆಯನ್ನು ಆ ನೀರಿನಲ್ಲಿ ಅದ್ದುವುದು ಜನರ ಆಸೆಯೇ ಹೊರತು ಕಟ್ಟಳೆಯಲ್ಲ, ಆ ಹುಡುಗಿಗೆ ಇದರಿಂದ ಯಾವ ಕುಂದೂ ಇಲ್ಲ ಎಂದರು. “ಸುಳ್ಳು ಮಾತ್ರ ನಿಮ್ಮದು. ಯಾರಿಗೆ ಹೇಳಿದ್ರೋ ಅವ್ರ ಹತ್ರ ಮಾಫಿ ಕೇಳ್ರಿ” ಎಂದರು. ಅವರ ಮಾತು ಸರಿ. ಬಸ್ಸಿನಲ್ಲಿ ಬರುವಾಗ, ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಾ, ಬಹಳ ದಿನದ ಮೇಲೆ ಎದೆ ಸ್ವಲ್ಪ ಸಡಿಲವಾಗಿತ್ತು. ಹೇಳಿಬಿಡುತ್ತೇನೆ, ಅಕ್ಕ ಬೈಯುತ್ತಾಳೆ, ಮುಗಿಯುತ್ತದೆ ಎಂದುಕೊಂಡೆ.

ಮಾರನೆಯ ಮಧ್ಯಾಹ್ನ ಅಕ್ಕ ಹಿತ್ತಲಲ್ಲಿ ಒಂದು ಹಳೆಯ ಗಾದಿಯ ಹೊಲಿಗೆ ಬಿಚ್ಚುತ್ತಿದ್ದಳು. ಎದುರು ಕುಳಿತು ನಾನೂ ಒಂದು ಮೂಲೆ ಹಿಡಿದೆ.

“ಅಕ್ಕ, ಆ ಬಟ್ಟೆ ಮೆಕ್ಕಾಕ್ಕೆ ಹೋಗಿರ್ಲಿಲ್ಲ.”

“ಯಾವ್ ಬಟ್ಟೆ?”

“ನಿನ್ ಕಫನ್. ನಾನೂ ಹೋಗಿರ್ಲಿಲ್ಲ.”

ಅವಳು ಬ್ಲೇಡು ನಿಲ್ಲಿಸಲಿಲ್ಲ. ನಾನು ಬುಖಾರಾದ ರಜಾಯಿಯಿಂದ ಹಿಡಿದು ಲಾಡ್ಜಿನ ಬಕೆಟ್ಟಿನವರೆಗೆ ಹೇಳಿದೆ. ನನ್ನ ಬಟ್ಟೆಯನ್ನು ಹೊಲಿದುಬಿಟ್ಟೆಯಾ ಎಂದು ಕೂಡ ಅವಳು ಕೇಳಲಿಲ್ಲ. ಕೇಳಿದ್ದು ಒಂದೇ.

“ತಲೆ?”

“ಬೆಂಗ್ಳೂರಾಗೆ ಬೋಳಿಸಿದ್ದು.”

ಅವಳಿಗೆ ಸಣ್ಣಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಬಿಚ್ಚಿದ ಹೊಲಿಗೆಯ ದಾರವನ್ನು ಎಳೆದು ಬೆರಳಿಗೆ ಸುತ್ತಿಕೊಂಡಳು.

“ಇದನ್ನ ನಂಗ್ಯಾಕ್ ಹೇಳ್ದೆ?”

“ತಡ್ಕಳಾಕಾಗ್ಲಿಲ್ಲ ಕಣಕ್ಕ. ಮಾಫ್ ಮಾಡು.”

“ನಿಂಗೆ ತಡ್ಕಳಾಕಾಗ್ಲಿಲ್ಲ ಅಂತ ನಂಗೆ ಹೊರ್ಸಿದಾ? ನಂಗ್ ಮಾಡಿದ್ ಮೋಸ ಬಿಡು, ತಮ್ಮ ಅಂತ ಒಂದಿನ ಬೈದು ಸುಮ್ನಾಗ್ತಿದ್ದೆ. ಆಯಮ್ಮನ ಮಡ್ಲಿಗೆ ಹಾಕಿದೋಳು ಯಾರು? ನಾನು. ನೀನ್ ಹೇಳ್ದಿದ್ರೆ ಗೊತ್ತಿಲ್ದೆ ಸುಳ್ಳು ಹೇಳಿದೋಳಾಗಿ ಸಾಯ್ತಿದ್ದೆ. ಇವತ್ತಿಂದ ಗೊತ್ತಿದ್ದೂ ಹೇಳೋಳಾದೆ.”

ನನಗೆ ಅದು ಹೊಳೆದೇ ಇರಲಿಲ್ಲ. ನಿಜವಾಗಿಯೂ ಹೊಳೆದಿರಲಿಲ್ಲ. ಹಾಗಾದರೆ ನಾನೇ ಹೋಗಿ ಆ ತಾಯಿಗೆ ಹೇಳುತ್ತೇನೆ ಎಂದು ಎದ್ದೆ.

“ಕುಂತ್ಕ. ಆ ಮಾತೊಂದ್ರಾಗೆ ಆಯಮ್ಮನ ಉಸ್ರು ಐತೆ. ಅದನ್ನೂ ಕಿತ್ಕಬ್ಯಾಡ. ನಾನು ಬದ್ಕಿರಾಗಂಟ ಹೇಳ್ಬ್ಯಾಡ, ಸತ್ತ ಮ್ಯಾಲೂ ಹೇಳ್ಬ್ಯಾಡ.”

ಆಮೇಲೆ ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಮಾತ್ರೆ ನೆನಪಿಸುತ್ತಿದ್ದಳು. ಯಾತ್ರೆಯ ಸುದ್ದಿ ಮಾತ್ರ ಮತ್ತೆಂದೂ ಎತ್ತಲಿಲ್ಲ. ಎದುರು ಮನೆಯ ತಾಯಿ ಹಬ್ಬಕ್ಕೆ ಶಾವಿಗೆ ತಂದರೆ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತಿದ್ದಳು. ಆ ತಾಯಿ, “ಅಕ್ಕ, ಆ ಬಾವಿ ಹತ್ರ ಮುದುಕಪ್ಪ ಇದ್ನಲ್ಲ...” ಎಂದು ಶುರುಮಾಡಿದರೆ, ಅಕ್ಕ ಸಣ್ಣ ದನಿಯಲ್ಲಿ “ಹೂಂ ಕಣವ್ವ, ಇದ್ದ” ಎನ್ನುತ್ತಿದ್ದಳು. ನಾನು ಒಳಗಿನ ಕೋಣೆಯಲ್ಲಿ ಕುಳಿತು ಅದನ್ನು ಕೇಳಬೇಕಾಗಿತ್ತು. ಬರಬರುತ್ತಾ ಅಕ್ಕ ಬೀದಿಯ ನಲ್ಲಿಗೆ ಹೋಗುವುದನ್ನು ಬಿಟ್ಟಳು. ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಮಂಡಿ ನೋವು ಎಂದು ಹೇಳುತ್ತಿದ್ದಳು. ನೋವು ಮೊದಲಿನಿಂದಲೂ ಇತ್ತು. ಆಗೆಲ್ಲ ಕುಂಟಿಕೊಂಡೇ ಹೋಗಿ ಬೀದಿಯವರನ್ನೆಲ್ಲ ಮಾತಾಡಿಸಿ ಬರುತ್ತಿದ್ದವಳು.

ಈ ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ನೆಂಟರೆಲ್ಲ ಬಂದರು. ಒಂದು ಬೆಳಿಗ್ಗೆ ಎದುರು ಮನೆಯ ತಾಯಿ ಏದುಸಿರು ಬಿಡುತ್ತಾ ಒಳಗೆ ಬಂದಳು. ಮೊದಲ ಬಸ್ಸಿಗೆ ಹೊಳಲ್ಕೆರೆಗೆ ಹೋಗಿ, ಹಜ್ ಮಾಡಿ ಬಂದ ತನ್ನ ಸೋದರಮಾವನ ಮನೆಯಿಂದ ಒಂದು ಸಣ್ಣ ಬಾಟಲಿ ಝಮ್‌ಝಮ್ ಬೇಡಿ ತಂದಿದ್ದಳು. ಸಾಯುವವರ ಬಾಯಿಗೆ ಅದರ ಹನಿ ಹಾಕುವುದು ನಮ್ಮಲ್ಲಿ ದೊಡ್ಡ ಭಾಗ್ಯ.

“ಅಕ್ಕ, ಬಾಯಿ ಬಿಡ್ರಿ. ನಿಮ್ದು ನನ್ ಮಗ್ಳಿಗೆ ಕೊಟ್ರಿ. ಇದು ನನ್ ಕೈಯಿಂದ ನಿಮ್ಗೆ.”

ಅಕ್ಕನಿಗೆ ಪ್ರಜ್ಞೆ ಇತ್ತು. ಕಣ್ಣು ತೆರೆದು ಆ ತಾಯಿಯನ್ನು ನೋಡಿದಳು. ನೋಡಿ ತುಟಿ ಬಿಗಿದುಕೊಂಡಳು. ಚಮಚದ ನೀರು ಕೆನ್ನೆಯ ಮೇಲೆ ಇಳಿದು ದಿಂಬಿಗೆ ಹೋಯಿತು. ಆ ತಾಯಿ ಸೆರಗಿನಿಂದ ಒರೆಸಿ ಮತ್ತೆ ಹಿಡಿದಳು. ಅಕ್ಕ ಇದ್ದಬದ್ದ ಶಕ್ತಿಯಿಂದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಹೊತ್ತು ಏರುವಷ್ಟರಲ್ಲಿ ಹೋಗಿಬಿಟ್ಟಳು. ಮಗ ಪೇಟೆಯ ಅಂಗಡಿಯಿಂದ ಬಟ್ಟೆ ತಂದ. ಮೈ ತೊಳೆಯುವ ನೀರಿಗಾದರೂ ಆ ಬಾಟಲಿಯದನ್ನು ಬೆರೆಸಲೇ ಎಂದು ಹೆಂಗಸರು ಒಳಗಿನಿಂದ ಕೇಳಿ ಕಳಿಸಿದರು. ಬೇಡವೆಂದೆ. ಅವಳು ಬೇಡ ಎಂದದ್ದನ್ನು ಅವಳ ಮೈಮೇಲೆ ಸುರಿಸಲು ಮನಸ್ಸಾಗಲಿಲ್ಲ.

ಮೂರನೆಯ ದಿನದ ಫಾತಿಹಾ ಪ್ರಾರ್ಥನೆ ಆದ ಮೇಲೆ ಆ ತಾಯಿ ನನ್ನ ಹತ್ತಿರ ಬಂದು ನಿಂತಳು. ಸೆರಗಿನಡಿಯಲ್ಲಿ ಬಾಟಲಿ ಇತ್ತು.

“ಅಣ್ಣ, ನನ್ ಕೈಯಿಂದ ಬ್ಯಾಡಾತಾ ಅಕ್ಕನಿಗೆ?”

“ಗಂಟ್ಲು ಕಟ್ಟಿತ್ತು ಕಣಮ್ಮ. ನುಂಗಾಕಾಗ್ಲಿಲ್ಲ.”

“ಇಲ್ಲ ಅಣ್ಣ. ತುಟಿ ಬಿಗಿ ಹಿಡ್ದಿದ್ರು. ನಾನು ನೋಡ್ದೆ.” ಬಾಟಲಿಯನ್ನು ಸೆರಗಿನೊಳಕ್ಕೆ ಇನ್ನಷ್ಟು ಸರಿಸಿಕೊಂಡು ಅವಳೇ ಅಂದಳು. “ಕೊಟ್ಟ ಮ್ಯಾಲೆ ಅವ್ರಿಗೆ ಬ್ಯಾಸರ ಆಗಿತ್ತೇನೋ. ತಮ್ಗೆ ಅಂತ ಇಟ್ಕಂಡಿದ್ದು ನನ್ ಮಗ್ಳಿಗೆ ಹೋತಲ್ಲ ಅಂತ. ಅದ್ಕೇ ಕಡೀಕೆ ಮನೆ ಬಾಗ್ಲೂ ತೆಗೀತಿರ್ಲಿಲ್ಲ.”

ಅಲ್ಲ ಎನ್ನಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಬೇಡ ಎಂದವಳನ್ನು ಮೊನ್ನೆಯಷ್ಟೇ ಮಣ್ಣು ಮಾಡಿ ಬಂದಿದ್ದೆ. ನಾನು ನೆಲ ನೋಡುತ್ತಾ ನಿಂತೆ. ಅವಳು ಅದನ್ನು ಹೌದು ಎಂದು ತಿಳಿದುಕೊಂಡಳು.

ಅಂದಿನಿಂದ ಅವಳು ನಮ್ಮ ಮನೆಗೆ ಬಂದಿಲ್ಲ. ಹಬ್ಬಕ್ಕೆ ಶಾವಿಗೆಯೂ ಬರಲಿಲ್ಲ. ತನ್ನ ಮಗಳಿಗೆ ಕೊಟ್ಟದ್ದಕ್ಕೆ ಕೊರಗಿ ಸತ್ತವಳು ಎಂದು ಅವಳು ನನ್ನ ಅಕ್ಕನನ್ನು ನೆನೆಯುತ್ತಾಳೆ. ಬೆಳಿಗ್ಗೆ ಬೀದಿಯಲ್ಲಿ ಎದುರಾದರೆ, ಹೂವಿನ ಬುಟ್ಟಿಯನ್ನು ಸೊಂಟದ ಆಚೆ ಬದಿಗೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಾಳೆ.